ಮನೆಯಲ್ಲಿ ಉಳಿದ ಗುಳಿಗೆಗಳನ್ನು ಹೊಳೆಗೆ ಹಾಕಬಹುದಾ? (ತುಂಗಭದ್ರೆ, ಕೃಷ್ಣೆ ನೀರಿನಲ್ಲಿ ಔಷಧಿ ಅಂಶದ ಬಗ್ಗೆ)

ಕಂಪ್ಲಿ ಸೊಸೆ (ಕಂಪ್ಲಿ)

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರು ಹೋದ ತಿಂಗಳು ತೀರಿಕೊಂಡರು. ಅವರ ಗುಳಿಗೆ ಡಬ್ಬಿ ಹಾಗೇ ಇದೆ. ಶುಗರಿಗೆ ಮೆಟ್‌ಫಾರ್ಮಿನ್, ಬಿಪಿಗೆ ಆಮ್ಲೋಡಿಪಿನ್, ಫಿಟ್ಸಿಗೆ ಕಾರ್ಬಮಜೆಪಿನ್, ಮೊಣಕಾಲು ನೋವಿಗೆ ಡೈಕ್ಲೋಫೆನಾಕ್. ಜೊತೆಗೆ ಅರ್ಧ ಕೋರ್ಸ್ ಮುಗಿಸಿ ಬಿಟ್ಟ ಸಿಪ್ರೊಫ್ಲಾಕ್ಸಸಿನ್ ಅನ್ನುವ ಆಂಟಿಬಯಾಟಿಕ್ ಪಟ್ಟಿಯೂ ಇದೆ. ಪಕ್ಕದ ಮನೆ ಅಜ್ಜಿ "ಹೋದವರ ಔಷಧಿ ಮನೆಯಲ್ಲಿ ಇಟ್ಟುಕೊಳ್ಳಬಾರದು, ಹೊಳೆಗೆ ಬಿಟ್ಟು ಬಾ" ಅಂತಾರೆ. ನಮ್ಮ ಯಜಮಾನರು "ಸಂಡಾಸಿಗೆ ಹಾಕಿ ನೀರು ಬಿಡು, ಮುಗೀತು" ಅಂತಾರೆ. ಗಂಗಾವತಿ ರಸ್ತೆಯ ಸೇತುವೆ ಮೇಲಿಂದ ಪೂಜೆ ಹೂವು, ಒಡೆದ ದೇವರ ಫೋಟೊ ಎಸೆಯುವವರನ್ನು ದಿನಾ ನೋಡುತ್ತೇನೆ. ಅದರ ಜೊತೆ ಇದೂ ಹೋಗಲಿ ಅಂತ ಮನಸ್ಸಾಗುತ್ತಿಲ್ಲ. ತಿಳಿದವರು ಹೇಳಿ.

ಮೆಡಿಕಲ್ ತಮ್ಮ (ಗಂಗಾವತಿ)

ಅಕ್ಕಾ, ಎರಡೂ ಬೇಡ. ಹೊಳೆಗೂ ಬೇಡ, ಸಂಡಾಸಿಗೂ ಬೇಡ. 2016ರ ಘನತ್ಯಾಜ್ಯ ನಿಯಮದಲ್ಲಿ ಅವಧಿ ಮುಗಿದ ಔಷಧಿಯನ್ನು "ಮನೆಯ ಅಪಾಯಕಾರಿ ಕಸ" ಅಂತಲೇ ಸೇರಿಸಿದ್ದರು. ಟ್ಯೂಬ್‌ಲೈಟ್, ಬ್ಯಾಟರಿ, ಪೇಂಟ್ ಡಬ್ಬಿಗಳ ಸಾಲಿನಲ್ಲಿ ಇದೂ ಇತ್ತು. ಹಸಿ ಕಸ, ಒಣ ಕಸ ಎರಡರಲ್ಲೂ ಸೇರಿಸದೆ ಬೇರೆ ಚೀಲದಲ್ಲಿ ಕೊಡಬೇಕು. ಪುರಸಭೆ ಗಾಡಿಯವರು ಅದನ್ನು ಬೇರೆಯಾಗಿ ತೆಗೆದುಕೊಳ್ಳುತ್ತಾರಾ ಅನ್ನುವುದು ಬೇರೆ ಪ್ರಶ್ನೆ, ಅದು ನಮಗೆಲ್ಲ ಗೊತ್ತು.

ಪಟ್ಟಿ ಸೀಲ್ ಒಡೆಯದೆ ಇದ್ದು, ಡೇಟ್ ಇನ್ನೂ ಇದ್ದರೂ ನಾವು ವಾಪಸ್ ತೆಗೆದುಕೊಂಡು ಬೇರೆಯವರಿಗೆ ಮಾರುವ ಹಾಗಿಲ್ಲ. ಎಷ್ಟೋ ಜನ ಅದಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ. ನಿಮ್ಮ ಮನೆಯಲ್ಲಿ ಆ ಪಟ್ಟಿ ಎಷ್ಟು ಬಿಸಿಲಲ್ಲಿತ್ತು ಅಂತ ನಮಗೆ ಹೇಗೆ ಗೊತ್ತಾಗಬೇಕು? ಮೇ ತಿಂಗಳಲ್ಲಿ ಇಲ್ಲಿ ತಗಡಿನ ಮನೆಯೊಳಗೆ ಇಟ್ಟಿದ್ದು ಕೆಟ್ಟಿರುತ್ತೆ.

ಸಿರುಗುಪ್ಪ ಭತ್ತ (ಸಿರುಗುಪ್ಪ)

ಸುಮ್ನೆ ದೊಡ್ಡದು ಮಾಡುತ್ತಿದ್ದೀರಿ. ಡ್ಯಾಮ್ ತುಂಬಿದರೆ ನೂರು ಟಿಎಂಸಿ ಮೇಲೆ ನೀರು. ಅದರಲ್ಲಿ ಒಂದು ಡಬ್ಬಿ ಗುಳಿಗೆ ಎಲ್ಲಿ ಲೆಕ್ಕ? ನಾವು ಒಂದು ಬೆಳೆಗೆ ಎಷ್ಟು ಸಲ ಕ್ರಿಮಿನಾಶಕದ ಎಣ್ಣೆ ಹೊಡೆಯುತ್ತೇವೆ, ಆ ನೀರೆಲ್ಲ ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳಲ್ಲ. ಬಳ್ಳಾರಿಯ ಜೀನ್ಸ್ ತೊಳೆದ ನೀಲಿ ನೀರು, ಕೊಪ್ಪಳದ ಕಡೆ ಫ್ಯಾಕ್ಟರಿ ಧೂಳು, ಸಂಡೂರಿನ ಕೆಂಪು ಮಣ್ಣು. ಇಷ್ಟೆಲ್ಲ ಬಿಟ್ಟು ಸತ್ತ ಮುದುಕಿಯ ಗುಳಿಗೆ ಹಿಡಿದುಕೊಂಡಿದ್ದೀರಿ.

ಕಂಪ್ಲಿ ಸೊಸೆ (ಕಂಪ್ಲಿ)

ಅಣ್ಣಾ, ಮಾತು ಸ್ವಲ್ಪ ನೋಡಿ ಆಡಿ. ಅವರು ನಮ್ಮ ಅತ್ತೆ.

ಸಿರುಗುಪ್ಪ ಭತ್ತ (ಸಿರುಗುಪ್ಪ)

ತಪ್ಪಾಯ್ತು ತಂಗಿ. ವಿಷಯ ಮಾತ್ರ ಅದೇ.

ನೀರಿನ ಮೇಷ್ಟ್ರು (ರಾಯಚೂರು)

ಸಿರುಗುಪ್ಪದವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಆ ಡಬ್ಬಿಯಿಂದ ಹೊಳೆ ಕೆಡಲ್ಲ. ಆದರೆ ಆ ಅಮ್ಮ ಇಷ್ಟು ವರ್ಷ ನುಂಗಿದ ಗುಳಿಗೆ ಎಲ್ಲಿ ಹೋಯಿತು? ಮೆಟ್‌ಫಾರ್ಮಿನ್ ನಮ್ಮ ಮೈಯಲ್ಲಿ ಒಡೆಯುವುದೇ ಇಲ್ಲ. ರಕ್ತಕ್ಕೆ ಸೇರಿದ್ದು ಹೇಗಿತ್ತೋ ಹಾಗೇ ಮೂತ್ರದಲ್ಲಿ ಹೊರಗೆ ಬರುತ್ತೆ. ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯಾಟಿಕ್ ಕೂಡ ಅರ್ಧಕ್ಕಿಂತ ಜಾಸ್ತಿ ಹಾಗೇ ಹೊರಗೆ ಹೋಗುತ್ತೆ. ಅಂದರೆ ಶುಗರ್ ಇರುವ ಪ್ರತಿ ಮನೆಯ ಬಚ್ಚಲು, ಸಂಡಾಸಿನಿಂದ ದಿನಾ ಔಷಧಿ ಹರಿಯುತ್ತಿದೆ. ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಯಲ್ಲಿ ಶುಗರ್ ಗುಳಿಗೆ ಇಲ್ಲದ ಓಣಿ ತೋರಿಸಿ ನೋಡೋಣ.

2022ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 104 ದೇಶಗಳ 258 ನದಿಗಳಲ್ಲಿ, ಸಾವಿರಕ್ಕೂ ಜಾಸ್ತಿ ಜಾಗದಲ್ಲಿ ನೀರು ತೆಗೆದು 61 ಔಷಧಿಗಳಿಗೆ ಪರೀಕ್ಷೆ ಮಾಡಿದರು. ಅರ್ಧಕ್ಕಿಂತ ಹೆಚ್ಚು ಕಡೆ ಸಿಕ್ಕ ಮೂರು ಯಾವುವು ಗೊತ್ತಾ? ಕಾರ್ಬಮಜೆಪಿನ್, ಮೆಟ್‌ಫಾರ್ಮಿನ್, ಕೆಫೀನ್. ಮೊದಲಿನ ಎರಡು ಈ ತಂಗಿ ಹೇಳಿದ ಡಬ್ಬಿಯಲ್ಲೇ ಇವೆ. ಕೆಫೀನ್ ನಮ್ಮ ಚಹಾದ ಪುಣ್ಯ. ಸುಮಾರು ಕಾಲು ಭಾಗ ಜಾಗಗಳಲ್ಲಿ ಯಾವುದಾದರೂ ಒಂದು ಔಷಧಿ ನೀರಿನ ಜೀವಿಗಳಿಗೆ ಸುರಕ್ಷಿತ ಅನ್ನುವ ಮಟ್ಟ ದಾಟಿತ್ತು. ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಲಾಹೋರಿನಲ್ಲಿ, ಆಮೇಲೆ ಬೊಲಿವಿಯಾದ ಲಾ ಪಾಜ್, ಇಥಿಯೋಪಿಯಾದ ಅಡ್ಡಿಸ್ ಅಬಾಬಾ. ಜನ ಔಷಧಿ ತಗೊಳ್ಳುವಷ್ಟು ಅನುಕೂಲ ಬಂದಿದೆ, ಚರಂಡಿ ನೀರು ಶುದ್ಧ ಮಾಡುವಷ್ಟು ವ್ಯವಸ್ಥೆ ಬಂದಿಲ್ಲ. ಅಂಥ ಊರುಗಳೇ ಮುಂದೆ ಇವೆ. ನಮ್ಮ ಊರುಗಳೂ ಅದೇ ಗುಂಪು ಅಲ್ವಾ?

ಇನ್ನು ನೂರು ಟಿಎಂಸಿ ಮಾತು. ಅದು ಆಗಸ್ಟಿನ ಲೆಕ್ಕ. ಏಪ್ರಿಲ್‌ನಲ್ಲಿ ಮಂತ್ರಾಲಯದ ಹತ್ತಿರ ನದಿ ನೋಡಿದ್ದೀರಾ? ಬಂಡೆ, ಮರಳು, ನಡುವೆ ಅಲ್ಲೊಂದು ಇಲ್ಲೊಂದು ಮಡು. ಊರಿನ ಗಟಾರ ಮಾತ್ರ ಹನ್ನೆರಡು ತಿಂಗಳೂ ಅಷ್ಟೇ ಹರಿಯುತ್ತೆ. ಬೆರೆಯಲು ನೀರಿಲ್ಲದಾಗ ಗಟಾರದ ನೀರೇ ಹೊಳೆ. ಮಡುವಿನ ಮೀನಿಗೆ ಎಲ್ಲಿಗೂ ಹೋಗಲು ದಾರಿ ಇರಲ್ಲ.

ಹಟ್ಟಿ ಹುಡುಗ (ಲಿಂಗಸುಗೂರು)

ಹೈದರಾಬಾದ್ ಔಷಧಿ ಫ್ಯಾಕ್ಟರಿಗಳ ವಿಷ ನೀರೆಲ್ಲ ಕೃಷ್ಣೆಗೆ ಬಂದು ರಾಯಚೂರು ಜನ ಕುಡಿಯುತ್ತಿದ್ದಾರೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು. 2022ರಲ್ಲಿ ರಾಯಚೂರಿನಲ್ಲಿ ನಲ್ಲಿ ನೀರು ಕುಡಿದು ಜನ ಸತ್ತರಲ್ಲ, ಅದೂ ಅದಕ್ಕೇ ಅಂತೆ. ನಿಜಾನಾ?

ನೀರಿನ ಮೇಷ್ಟ್ರು (ರಾಯಚೂರು)

ಇಲ್ಲ ತಮ್ಮಾ. ನೀರು ಏರು ಹತ್ತಿ ಬರಲ್ಲ. ಹೈದರಾಬಾದ್ ಪಕ್ಕದಲ್ಲಿ ಔಷಧಿ ಫ್ಯಾಕ್ಟರಿಗಳಿರುವ ಪಟಾನ್‌ಚೆರು ಕಡೆಯ ಹಳ್ಳಗಳು ಮಂಜೀರಾ ನದಿಗೆ ಸೇರುತ್ತವೆ, ಮಂಜೀರಾ ಗೋದಾವರಿಗೆ ಹೋಗುತ್ತೆ. ಹೈದರಾಬಾದ್ ಊರೊಳಗಿನ ಮೂಸಿ ಕೃಷ್ಣೆಗೆ ಸೇರುವುದು ಹೌದು, ಆದರೆ ನಲ್ಗೊಂಡದ ವಾಡಪಲ್ಲಿ ಹತ್ತಿರ. ಅದು ನಾಗಾರ್ಜುನ ಸಾಗರಕ್ಕಿಂತಲೂ ಕೆಳಗೆ, ನಮ್ಮಿಂದ ಎಷ್ಟೋ ದೂರ. 2022ರ ಸಾವುಗಳು ನಲ್ಲಿಯಲ್ಲಿ ಬಂದ ಹೊಲಸು ನೀರಿನಿಂದ ವಾಂತಿ ಭೇದಿ ಆಗಿ ಆದವು. ಅದಕ್ಕೂ ಔಷಧಿ ಫ್ಯಾಕ್ಟರಿಗೂ ಗಂಟು ಹಾಕಬೇಡಿ. ಹಾಗೆ ಮಾಡಿದರೆ ನೀರು ಸರಿಯಾಗಿ ಶುದ್ಧ ಮಾಡದವರು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ.

ನಮ್ಮ ಮೇಲಿನ ಊರು ಯಾವುದು ಅಂತ ಕೇಳಬೇಕು. ಕಾಡ್ಲೂರಿನ ಹತ್ತಿರ ಭೀಮಾ ಬಂದು ಕೃಷ್ಣೆಗೆ ಸೇರುತ್ತೆ, ಅಲ್ಲಿಂದ ಕೆಳಗೆ ಶಕ್ತಿನಗರ. ಭೀಮೆಯ ಮೇಲ್ಭಾಗದಲ್ಲಿ ಪುಣೆ ಇದೆ. ಮುಳಾ, ಮುಠಾ ನದಿಗಳಲ್ಲಿ ಪುಣೆಯ ಚರಂಡಿ ಬಂದು ಉಜನಿ ಡ್ಯಾಮಿಗೆ ಬೀಳುತ್ತೆ. ತುಂಗಭದ್ರೆಗೆ ಶಿವಮೊಗ್ಗ, ಭದ್ರಾವತಿ, ಹರಿಹರ, ದಾವಣಗೆರೆ. ಅವರ ಗುಳಿಗೆ ನಮಗೆ, ನಮ್ಮ ಗುಳಿಗೆ ಕರ್ನೂಲಿನವರಿಗೆ.

ಆದರೂ ಪಟಾನ್‌ಚೆರು ಕಥೆ ಪೂರ್ತಿ ತಿಳಿದುಕೊಳ್ಳಬೇಕು. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅಲ್ಲಿನ ಸಾಮೂಹಿಕ ಶುದ್ಧೀಕರಣ ಘಟಕದಿಂದ ಹೊರಗೆ ಬಿಡುವ ನೀರನ್ನು ಪರೀಕ್ಷೆ ಮಾಡಿದರು. ಸುಮಾರು 90 ಔಷಧಿ ತಯಾರಕರ ನೀರು ಅಲ್ಲಿಗೆ ಬರುತ್ತಿತ್ತು. ಶುದ್ಧ ಮಾಡಿದ ನೀರು ಅನ್ನಿ ಮತ್ತೆ! ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಸಿಕ್ಕಿತು. ಆ ಗುಳಿಗೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರಲ್ಲ. ಲೆಕ್ಕ ಹಾಕಿ: ಒಂದು ಗುಳಿಗೆ 500 ಮಿಲಿಗ್ರಾಂ. ಹದಿನಾರು ಲೀಟರ್ ಹಿಡಿಯುವ ಒಂದು ಕೊಡದಲ್ಲಿ ಒಂದು ಪೂರ್ತಿ ಗುಳಿಗೆ. ದಿನಕ್ಕೆ ಸುಮಾರು 45 ಕಿಲೊ ಸಿಪ್ರೊ ಹೊರಗೆ ಹೋಗುತ್ತಿತ್ತು ಅಂತ ಅವರ ಅಂದಾಜು, ಅಂದರೆ 90 ಸಾವಿರ ಗುಳಿಗೆ. ಇಡೀ ಸ್ವೀಡನ್ ದೇಶ ಐದು ದಿನ ನುಂಗುವಷ್ಟು.

ಮನೆಯ ಗಟಾರದ ಔಷಧಿ ಲೀಟರಿಗೆ ನ್ಯಾನೊಗ್ರಾಂ, ಮೈಕ್ರೊಗ್ರಾಂ ಲೆಕ್ಕದಲ್ಲಿ ಇರುತ್ತೆ. ಫ್ಯಾಕ್ಟರಿ ಹಾಳಾದರೆ ಮಿಲಿಗ್ರಾಂ ಲೆಕ್ಕ. ಸಾವಿರ ಪಟ್ಟು, ಹತ್ತು ಲಕ್ಷ ಪಟ್ಟು ವ್ಯತ್ಯಾಸ ಇದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ದೇವಸೂಗೂರು (ರಾಯಚೂರು ತಾಲ್ಲೂಕು)

ನಮ್ಮ ಕಡೆಯೂ ಔಷಧಿ ಘಟಕಗಳು ಇವೆ, ಪಕ್ಕದ ಯಾದಗಿರಿಯ ಕಡೇಚೂರಿನಲ್ಲೂ ಔಷಧಿ, ಕೆಮಿಕಲ್ ಘಟಕಗಳು ಬಂದಿವೆ. ಅಲ್ಲಿನ ಹಳ್ಳಿಯವರು ವಾಸನೆ ತಡೆಯಲಾರದೆ ದೂರು ಕೊಡುತ್ತಲೇ ಇದ್ದಾರೆ. ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ಆದರೆ ನೀರಿನಲ್ಲಿ ಔಷಧಿ ಅಂಶ ಎಷ್ಟಿದೆ ಅಂತ ಅಳೆಯುವ ಕಾನೂನೇ ಇಲ್ಲದಿದ್ದರೆ, ಸರಿಯಾಗಿ ನಡೆಸುವವನಿಗೂ ಕದ್ದು ಬಿಡುವವನಿಗೂ ಏನು ವ್ಯತ್ಯಾಸ?

ನೀರಿನ ಮೇಷ್ಟ್ರು (ರಾಯಚೂರು)

ಸರಿಯಾದ ಜಾಗಕ್ಕೆ ಕೈ ಇಟ್ಟಿರಿ. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಂದು ಕರಡು ಹೊರಡಿಸಿತ್ತು. ಔಷಧಿ ಫ್ಯಾಕ್ಟರಿ ಬಿಡುವ ನೀರಿನಲ್ಲಿ ಯಾವ ಆಂಟಿಬಯಾಟಿಕ್ ಎಷ್ಟು ಮಾತ್ರ ಇರಬಹುದು ಅಂತ ಮಿತಿಯ ಪಟ್ಟಿಯೇ ಅದರಲ್ಲಿತ್ತು. 2021ರ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಪಟ್ಟಿ ಮಾಯ. ವಿಶ್ವ ಆರೋಗ್ಯ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಆಂಟಿಬಯಾಟಿಕ್ ತಯಾರಿಕೆಯ ತ್ಯಾಜ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ಅದು ಸಲಹೆ ಅಷ್ಟೇ, ಕಾನೂನಲ್ಲ.

ಪ್ಲಾಂಟ್ ಆಪರೇಟರ್ (ಊರು ಬೇಡ)

ನಾನು ಈ ಮೂರು ಜಿಲ್ಲೆಯ ಒಂದು ಊರಿನ ಎಸ್‌ಟಿಪಿಯಲ್ಲಿ, ಅಂದರೆ ಚರಂಡಿ ನೀರು ಶುದ್ಧ ಮಾಡುವ ಘಟಕದಲ್ಲಿ, ಕೆಲಸ ಮಾಡುತ್ತೇನೆ. ಊರು ಹೇಳಲ್ಲ, ಕೆಲಸ ಹೋಗುತ್ತೆ.

ನೆಲದಡಿಯ ಚರಂಡಿ (ಯುಜಿಡಿ) ಪೈಪಿನಿಂದ ನೀರು ಬಂದಾಗ ಮೊದಲು ಜಾಲರಿಯಲ್ಲಿ ಪ್ಲಾಸ್ಟಿಕ್, ಬಟ್ಟೆ, ಡೈಪರ್ ಹಿಡಿಯುತ್ತೇವೆ. ಗುಳಿಗೆಯ ಬೆಳ್ಳಿ ಪಟ್ಟಿಗಳೂ ದಿನಾ ಸಿಗುತ್ತವೆ, ಕೆಲವು ಸಲ ಗುಳಿಗೆ ಒಳಗೇ ಇರುತ್ತೆ. ಅಂದರೆ ಸಂಡಾಸಿಗೆ ಹಾಕುವವರು ನಮ್ಮಲ್ಲಿ ಕಮ್ಮಿ ಏನಿಲ್ಲ. ಆಮೇಲೆ ಮರಳು ಕೂರಿಸುತ್ತೇವೆ. ಆಮೇಲೆ ದೊಡ್ಡ ತೊಟ್ಟಿಯಲ್ಲಿ ಗಾಳಿ ಊದುತ್ತೇವೆ, ಅಲ್ಲಿ ಬ್ಯಾಕ್ಟೀರಿಯಾ ಹೊಲಸನ್ನು ತಿನ್ನುತ್ತೆ. ಪ್ಯಾರಾಸಿಟಮಾಲ್, ಕೆಫೀನ್ ಅವಕ್ಕೆ ಊಟ, ಬಹಳಷ್ಟು ಅಲ್ಲೇ ಮುಗಿಯುತ್ತೆ. ಕಾರ್ಬಮಜೆಪಿನ್ ಮುಟ್ಟುವುದೇ ಇಲ್ಲ, ಒಳಗೆ ಬಂದಷ್ಟೇ ಹೊರಗೆ. ಡೈಕ್ಲೋಫೆನಾಕ್ ಅರ್ಧಂಬರ್ಧ. ಸಿಪ್ರೊ ಇನ್ನೊಂದು ಥರ, ಅದು ಕೆಸರಿಗೆ ಅಂಟಿಕೊಳ್ಳುತ್ತೆ. ಹೊರಗೆ ಹೋಗುವ ನೀರು ನೋಡಿದರೆ ಕಮ್ಮಿಯಾಗಿದೆ ಅನಿಸುತ್ತೆ, ಆದರೆ ಒಣಗಿಸಿದ ಕೆಸರಿನಲ್ಲಿ ಕೂತಿರುತ್ತೆ. ಆ ಕೆಸರನ್ನು ಗೊಬ್ಬರ ಅಂತ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಒಯ್ಯುತ್ತಾರೆ.

ಇದೆಲ್ಲ ನಾನು ಓದಿ ತಿಳಿದಿದ್ದು. ನಮ್ಮ ಲ್ಯಾಬಿನಲ್ಲಿ ನೋಡುವುದು ನೀರಿನ ಹೊಲಸು ಅಳೆಯುವ ಬಿಒಡಿ, ಸಿಒಡಿ, ಆಮೇಲೆ ಪಿಎಚ್, ತೇಲುವ ಕಣ, ಮಲದ ಬ್ಯಾಕ್ಟೀರಿಯಾ. ಔಷಧಿ ನೋಡುವ ಯಂತ್ರ ನಮ್ಮ ಕಡೆ ಎಲ್ಲೂ ಇಲ್ಲ. ರಿಪೋರ್ಟಿನಲ್ಲಿ ಎಲ್ಲ ಪಾಸ್ ಇದ್ದರೂ ನೀರಿನಲ್ಲಿ ಗುಳಿಗೆ ಇರಬಹುದು. ಕರೆಂಟ್ ಹೋದಾಗ ಗಾಳಿ ಊದುವುದೇ ನಿಲ್ಲುತ್ತೆ, ಆಗ ಆ ರಿಪೋರ್ಟೂ ಕೇಳಬೇಡಿ.

ಸ್ವಿಟ್ಜರ್‌ಲ್ಯಾಂಡ್ 2016ರಿಂದ ದೊಡ್ಡ ಎಸ್‌ಟಿಪಿಗಳಿಗೆ ಇನ್ನೊಂದು ಹಂತ ಸೇರಿಸುತ್ತಿದೆ, ಓಜೋನ್ ಅಥವಾ ಇದ್ದಿಲ ಪುಡಿ. ಯುರೋಪಿಯನ್ ಒಕ್ಕೂಟ 2024ರಲ್ಲಿ ಹೊಸ ಕಾನೂನು ಮಾಡಿದೆ. ಆ ಹಂತದ ಖರ್ಚಿನಲ್ಲಿ ಕನಿಷ್ಠ 80 ಪರ್ಸೆಂಟ್ ಔಷಧಿ ಮತ್ತು ಸೌಂದರ್ಯವರ್ಧಕ ಕಂಪನಿಗಳೇ ಕೊಡಬೇಕು ಅಂತ. ಕಂಪನಿಗಳು ಕೋರ್ಟಿಗೆ ಹೋಗಿವೆ. ನಮ್ಮಲ್ಲಿ ಮೊದಲು ಇರುವ ಮೋಟಾರ್ ಸರಿಯಾಗಿ ಓಡಲಿ ಅನ್ನುವುದು ನನ್ನ ಆಸೆ.

ಕುರಿ ಕಾಯುವವ (ಕುಷ್ಟಗಿ)

ಮೇಷ್ಟ್ರೇ, ಔಷಧಿ ನ್ಯಾನೊಗ್ರಾಂ ಇದ್ದರೆ ಏನಾಗುತ್ತೆ ಅಂತ ಕೇಳುವವರಿಗೆ ರಣಹದ್ದಿನ ಕಥೆ ಹೇಳಿ. ನಮ್ಮ ಅಪ್ಪನ ಕಾಲದಲ್ಲಿ ದನ ಸತ್ತರೆ ಊರ ಹೊರಗೆ ಹಾಕಿದರೆ ಸಾಕು, ಸಂಜೆಗೆ ಎಲುಬು ಮಾತ್ರ. ಈಗ ನಾಯಿ ಬಿಟ್ಟರೆ ಯಾರೂ ಬರಲ್ಲ.

ಪಶು ಡಾಕ್ಟರಕ್ಕ (ಕೊಪ್ಪಳ)

ಅದು ನಾನು ಹೇಳುತ್ತೇನೆ. ಇದು ನೀರಿನ ಕಥೆ ಅಲ್ಲ, ಹೆಣದ ಕಥೆ. ಆದರೂ ಒಂದೇ ಔಷಧಿ ಹೊರಗಿನ ಜೀವಿಗೆ ಏನು ಮಾಡಬಹುದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ದನಕ್ಕೆ ನೋವಿಗೆ ಡೈಕ್ಲೋಫೆನಾಕ್ ಕೊಡುತ್ತಿದ್ದೆವು. ಆ ದನ ಸತ್ತು ರಣಹದ್ದು ತಿಂದರೆ ಹದ್ದಿನ ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆ ಬಿಳಿ ಪುಡಿಯ ಹಾಗೆ ಕಟ್ಟಿಕೊಂಡು ಕೆಲವೇ ದಿನದಲ್ಲಿ ಸಾಯುತ್ತಿತ್ತು. ಬಿಳಿ ಬೆನ್ನಿನ ರಣಹದ್ದು 1990ರ ದಶಕದಿಂದ 2007ರ ಒಳಗೆ 99 ಪರ್ಸೆಂಟಿಗಿಂತ ಜಾಸ್ತಿ ಕಮ್ಮಿಯಾಯಿತು. ಕಾರಣ ಗೊತ್ತಾಗಿದ್ದು 2004ರಲ್ಲಿ. 2006ರಲ್ಲಿ ಪಶುಗಳಿಗೆ ಡೈಕ್ಲೋಫೆನಾಕ್ ನಿಷೇಧ ಆಯಿತು.

ಆದರೆ ಮನುಷ್ಯರ ಇಂಜೆಕ್ಷನ್ 30 ಮಿಲಿ ಬಾಟಲಿಯಲ್ಲಿ ಸಿಗುತ್ತಿತ್ತು. ಅದನ್ನೇ ತಂದು ಎತ್ತಿಗೆ ಹಾಕುವವರು ಎಲ್ಲ ಕಡೆ ಇದ್ದರು. 2015ರಲ್ಲಿ ಮನುಷ್ಯರ ಬಾಟಲಿಯನ್ನು 3 ಮಿಲಿಗೆ ಇಳಿಸಿದರು. 3 ಮಿಲಿ ಎತ್ತಿಗೆ ಎಲ್ಲಿಗೂ ಸಾಲಲ್ಲ, ನಾಲ್ಕೈದು ಬಾಟಲಿ ಒಡೆಯಬೇಕು. ಸಣ್ಣ ಉಪಾಯ, ಆದರೆ ಕೆಲಸ ಮಾಡಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಅನ್ನುವ ನೋವಿನ ಔಷಧಿಗಳೂ ಪಶುಗಳಿಗೆ ನಿಷೇಧ. ಕುರಿಯವರೇ, ಯಾರಾದರೂ ನೋವಿನ ಸೂಜಿ ಹಾಕಲು ಬಂದರೆ "ಮೆಲಾಕ್ಸಿಕಾಮ್ ಇದೆಯಾ" ಅಂತ ಕೇಳಿ. ಹದ್ದಿಗೆ ಅದರಿಂದ ತೊಂದರೆ ಇಲ್ಲ.

ಹೊಸಪೇಟೆ ಗಡಿ (ಮುನಿರಾಬಾದ್)

ಇದೆಲ್ಲದಕ್ಕೂ ಮೂಲ ಹೆಂಗಸರು ನುಂಗುವ ಗರ್ಭನಿರೋಧಕ ಗುಳಿಗೆ. ಅದರಿಂದಲೇ ಗಂಡು ಮೀನು ಹೆಣ್ಣಾಗುತ್ತಿವೆ ಅಂತ ಓದಿದ್ದೇನೆ.

ಪಶು ಡಾಕ್ಟರಕ್ಕ (ಕೊಪ್ಪಳ)

ಓದಿದ್ದು ಸರಿ, "ಎಲ್ಲದಕ್ಕೂ ಮೂಲ" ಅನ್ನುವುದು ನಿಮ್ಮದು. ಪೂರ್ತಿ ಹೇಳುತ್ತೇನೆ ಕೇಳಿ.

ಕೆನಡಾದಲ್ಲಿ ಪ್ರಯೋಗಕ್ಕೆ ಅಂತಲೇ ಬಿಟ್ಟ ಕೆರೆಗಳಿವೆ. ಅದರಲ್ಲಿ 260ನೇ ನಂಬರಿನ ಕೆರೆಗೆ 2001ರಿಂದ 2003ರವರೆಗೆ ಗರ್ಭನಿರೋಧಕ ಗುಳಿಗೆಯಲ್ಲಿರುವ ಹೆಣ್ಣು ಹಾರ್ಮೋನ್ ಈಸ್ಟ್ರೊಜೆನ್ ಹಾಕಿದರು. ಲೀಟರಿಗೆ 5-6 ನ್ಯಾನೊಗ್ರಾಂ ಮಾತ್ರ. ನಮ್ಮ ಸರ್ಕಾರಿ ಮಾಲಾ-ಎನ್ ಗುಳಿಗೆಯಲ್ಲಿ ಅದು 30 ಮೈಕ್ರೊಗ್ರಾಂ ಇರುತ್ತೆ. ಬೇಸಿಗೆಯಲ್ಲಿ ಓಣಿಗೆ ಬರುತ್ತಲ್ಲ ನೀರಿನ ಟ್ಯಾಂಕರ್, ಅಂಥ ಆರು ಸಾವಿರ ಲೀಟರಿಗೆ ಒಂದೇ ಗುಳಿಗೆ ಕರಗಿಸಿದ ಲೆಕ್ಕ. ಅಷ್ಟಕ್ಕೇ ಸಣ್ಣ ಮೀನಿನ ಗಂಡುಗಳಲ್ಲಿ ಮೊಟ್ಟೆಯ ಪ್ರೋಟೀನ್ ಬಂತು, ಕೆಲವಕ್ಕೆ ವೃಷಣದಲ್ಲೇ ಮೊಟ್ಟೆ ಬೆಳೆಯಿತು. ಮರಿಗಳೇ ಇಲ್ಲದೆ ಆ ಜಾತಿ ಆ ಕೆರೆಯಲ್ಲಿ ಹೆಚ್ಚುಕಮ್ಮಿ ಅಳಿದೇ ಹೋಯಿತು. ಅದನ್ನು ತಿಂದು ಬದುಕುವ ದೊಡ್ಡ ಮೀನೂ ಕಮ್ಮಿಯಾಯಿತು. ಹಾಕುವುದು ನಿಲ್ಲಿಸಿದ ಮೇಲೆ ಕೆಲವು ವರ್ಷಕ್ಕೆ ಮೀನು ಮತ್ತೆ ಹೆಚ್ಚಿದವು. ಸಿರುಗುಪ್ಪದ ಅಣ್ಣನ ಟಿಎಂಸಿ ವಾದಕ್ಕೂ ಇದೇ ಉತ್ತರ. ಗುಳಿಗೆ ಮಾಡುವುದೇ ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡಲಿ ಅಂತ. ಮೀನಿಗೂ ನಮಗೂ ಹಾರ್ಮೋನ್ ವ್ಯವಸ್ಥೆ ಬಹಳ ಹತ್ತಿರ.

ಇನ್ನು ಹೆಂಗಸರ ಮಾತು. ಚರಂಡಿಯಲ್ಲಿ ಇರುವ ಈಸ್ಟ್ರೊಜೆನ್ ಬಹಳಷ್ಟು ಗುಳಿಗೆಯಿಂದ ಬಂದಿದ್ದಲ್ಲ, ಮನುಷ್ಯರ ಮೂತ್ರದಲ್ಲಿ ಸಹಜವಾಗಿ ಇರುವುದು. ಗಂಡಸರದ್ದೂ ಸೇರಿ. ದನಗಳದ್ದು ಬೇರೆ. ನಮ್ಮ ಕಡೆ ಜಾಸ್ತಿ ಹೆಂಗಸರು ಎರಡು ಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿಕೊಳ್ಳುತ್ತಾರೆ, ವರ್ಷಗಟ್ಟಲೆ ಗುಳಿಗೆ ನುಂಗುವವರು ಎಷ್ಟು ಜನ? ಗಂಡಸರ ಆಪರೇಷನ್ ಬಗ್ಗೆ ಮಾತಾಡೋಣವಾ?

ಸಿರುಗುಪ್ಪ ಭತ್ತ (ಸಿರುಗುಪ್ಪ)

ಡಾಕ್ಟರಕ್ಕ, ಟ್ಯಾಂಕರ್ ಲೆಕ್ಕ ಮನಸ್ಸಿಗೆ ಹತ್ತಿತು. ಒಪ್ಪಿದೆ.

ಮೀನು ಕೆರೆ (ಸಿಂಧನೂರು)

ನಾನು ಕಾಟ್ಲಾ, ರೋಹು ಸಾಕುತ್ತೇನೆ. ಇಲ್ಲಿ ನಮ್ಮ ತಪ್ಪೂ ಇದೆ. ಚಳಿಗಾಲದಲ್ಲಿ ಮೀನಿಗೆ ಹುಣ್ಣು ಬಂದರೆ ಅಂಗಡಿಗೆ ಓಡುತ್ತಾರೆ. ಅಂಗಡಿಯವನು ಲೇಬಲ್ ಇಲ್ಲದ ಪುಡಿ ಕೊಟ್ಟು ಮೇವಿಗೆ ಕಲಸು ಅಂತಾನೆ. ಯಾವ ಔಷಧಿ ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಕ್ಲೋರಾಮ್‌ಫೆನಿಕಾಲ್, ನೈಟ್ರೊಫ್ಯೂರಾನ್ ಮೀನಿಗೆ ಹಾಕುವ ಹಾಗೇ ಇಲ್ಲ, ನಿಷೇಧ. ಕೊಲಿಸ್ಟಿನ್ ಅಂತ ಮನುಷ್ಯರಿಗೆ ಕೊನೆಯ ಅಸ್ತ್ರದ ಹಾಗೆ ಇಟ್ಟುಕೊಂಡ ಔಷಧಿ ಇದೆ. ಅದನ್ನು ಕೋಳಿಗೆ ಬೆಳವಣಿಗೆಗೆ ಅಂತ ಹಾಕುತ್ತಿದ್ದರು, 2019ರಲ್ಲಿ ನಿಲ್ಲಿಸಿದರು.

ಮೇವಿಗೆ ಕಲಸಿದ್ದರಲ್ಲಿ ಬಹಳಷ್ಟು ಮೀನಿನ ಹೊಟ್ಟೆಗೆ ಹೋಗಲ್ಲ. ಕಾಯಿಲೆ ಬಿದ್ದ ಮೀನು ಮೇವೇ ತಿನ್ನಲ್ಲ. ಅದು ತಳದ ಕೆಸರಿಗೆ ಇಳಿಯುತ್ತೆ, ಕೆರೆ ಖಾಲಿ ಮಾಡಿದಾಗ ಹಳ್ಳಕ್ಕೆ, ಅಲ್ಲಿಂದ ಹೊಳೆಗೆ. ನಾನು ಈಗ ಮೊದಲು ನೀರು ಸ್ವಲ್ಪ ಬದಲಾಯಿಸುತ್ತೇನೆ, ಸುಣ್ಣ ಹಾಕುತ್ತೇನೆ. ಹುಣ್ಣು ಕಂಡರೆ ಭುವನೇಶ್ವರದ ಮೀನು ಸಂಶೋಧನಾ ಸಂಸ್ಥೆಯವರು ಮಾಡಿದ ಸಿಫಾಕ್ಸ್ ಅನ್ನುವ ಮದ್ದು ಹಾಕುತ್ತೇನೆ. ಒತ್ತಾಗಿ ಮರಿ ಬಿಡುವುದು ಕಮ್ಮಿ ಮಾಡಿದ ಮೇಲೆ ಅರ್ಧ ಕಾಯಿಲೆ ಬರುವುದೇ ನಿಂತಿದೆ. ಎಕರೆಗೆ ಇಳುವರಿ ಸ್ವಲ್ಪ ಕಮ್ಮಿ, ಔಷಧಿ ಖರ್ಚೂ ಕಮ್ಮಿ. ಕೈಗೆ ಸಿಗುವುದು ಹೆಚ್ಚುಕಮ್ಮಿ ಅಷ್ಟೇ.

ಹಟ್ಟಿ ಹುಡುಗ (ಲಿಂಗಸುಗೂರು)

ಹಾಗಾದರೆ ಮನೆಗೆ ಆರ್‌ಓ ಹಾಕಿಸಲಾ? ಕುಡಿಯುವ ನೀರಿನಲ್ಲಿ ಇಷ್ಟೆಲ್ಲ ಇದ್ದರೆ ಮಕ್ಕಳ ಗತಿ?

ನೀರಿನ ಮೇಷ್ಟ್ರು (ರಾಯಚೂರು)

ಅದಕ್ಕಾಗಿ ಹಾಕಿಸಬೇಡ. ಕುಡಿಯುವ ನೀರಿನಲ್ಲಿ ಸಿಗುವ ಅಷ್ಟು ಸಣ್ಣ ಪ್ರಮಾಣದಿಂದ ಮನುಷ್ಯರ ಆರೋಗ್ಯಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗುವ ಸಾಧ್ಯತೆ ತೀರಾ ಕಮ್ಮಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ. ಒಂದು ಗುಳಿಗೆಯಷ್ಟು ಹೊಟ್ಟೆಗೆ ಹೋಗಬೇಕಾದರೆ ಜೀವಮಾನವಿಡೀ ಕುಡಿದರೂ ಸಾಲಲ್ಲ. ನಮ್ಮ ಕಡೆ ಬೋರ್‌ವೆಲ್‌ನಲ್ಲಿ ಫ್ಲೋರೈಡ್, ಆರ್ಸೆನಿಕ್ ಇದ್ದರೆ ಅದಕ್ಕೆ ಬೇಕಾದ್ದು ಮಾಡಿ, ಅದು ನಿಜವಾದ ಚಿಂತೆ.

ನಾವು ದಿನಾ ಸ್ವಲ್ಪ ಕುಡಿಯುತ್ತೇವೆ. ಮೀನು ಅದರೊಳಗೇ ಹುಟ್ಟಿ ಅದರೊಳಗೇ ಸಾಯುತ್ತೆ, ಕಿವಿರಿನಿಂದ ಇಪ್ಪತ್ತನಾಲ್ಕು ಗಂಟೆ ಎಳೆದುಕೊಳ್ಳುತ್ತೆ. ನಮಗೆ ತಿರುಗಿ ಬರುವ ಅಪಾಯ ಬೇರೆ ದಾರಿಯಲ್ಲಿ ಬರುತ್ತೆ. ಗಟಾರ, ಹಳ್ಳದಲ್ಲಿ ಸಿಪ್ರೊ, ಅಜಿತ್ರೊಮೈಸಿನ್ ಸ್ವಲ್ಪ ಸ್ವಲ್ಪ ಇದ್ದಾಗ ಅಲ್ಲಿನ ಬ್ಯಾಕ್ಟೀರಿಯಾ ಸಾಯಲ್ಲ, ಆದರೆ ತಡೆದುಕೊಳ್ಳುವ ಶಕ್ತಿ ಇರುವವು ಮುಂದೆ ಬರುತ್ತವೆ. ಆ ಶಕ್ತಿಯ ಜೀನನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ. ನಾಳೆ ನಮಗೆ ಮೂತ್ರದ ಸೋಂಕು ಬಂದಾಗ ಐದು ರೂಪಾಯಿ ಗುಳಿಗೆಯಿಂದ ಹೋಗುವುದು ಹೋಗಲ್ಲ, ದವಾಖಾನೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಬೇಕು. ಆರ್‌ಓ ಯಂತ್ರ ಇದನ್ನು ತಡೆಯಲ್ಲ.

ಕಡಲ ತೀರದ ಅಳಿಯ (ಮಾನ್ವಿ)

ಸಮುದ್ರದ ವಿಷಯ ಯಾರೂ ಹೇಳಲಿಲ್ಲ. ನಮ್ಮ ತುಂಗಭದ್ರೆ ಸಂಗಮೇಶ್ವರಂ ಹತ್ತಿರ ಕೃಷ್ಣೆಗೆ ಸೇರಿ, ಶ್ರೀಶೈಲ ದಾಟಿ, ಕೊನೆಗೆ ಹಂಸಲದೀವಿಯಲ್ಲಿ ಸಮುದ್ರಕ್ಕೆ ಬೀಳುತ್ತೆ. ಫ್ಲೋರಿಡಾದ ಕಡಲಲ್ಲಿ ಬೋನ್‌ಫಿಶ್ ಅಂತ ಒಂದು ಮೀನಿದೆ. 93 ಮೀನು ಹಿಡಿದು ಪರೀಕ್ಷೆ ಮಾಡಿದಾಗ ಒಂದೊಂದರಲ್ಲಿ ಸರಾಸರಿ ಏಳು ಔಷಧಿ, ಒಂದು ಮೀನಿನಲ್ಲಂತೂ 17! ಬಿಪಿದು, ಖಿನ್ನತೆದು, ಆಂಟಿಬಯಾಟಿಕ್, ನೋವಿಂದು. ಒಂದು ಮೆಡಿಕಲ್ ಶಾಪೇ ಇತ್ತು. 2024ರಲ್ಲಿ ಬ್ರೆಜಿಲ್ ಕಡಲಿನ 13 ಶಾರ್ಕ್‌ಗಳಲ್ಲಿ ಕೊಕೇನ್ ಸಿಕ್ಕಿದ್ದು ಗೊತ್ತಿರಬೇಕು. ಶಾರ್ಕಿಗೂ ಚಟ ಹತ್ತಿಸಿದ್ದೇವೆ.

ಸ್ವೀಡನ್ನಿನ ಇನ್ನೊಂದು ಪ್ರಯೋಗ ನನಗೆ ಹಿಡಿಸಿತು. 2013ರಲ್ಲಿ ಆತಂಕ ಕಮ್ಮಿ ಮಾಡುವ ಆಕ್ಸಜೆಪಾಮ್ ಔಷಧಿಯನ್ನು ಪರ್ಚ್ ಮೀನಿನ ನೀರಿಗೆ ಹಾಕಿದರು. ಮೀನಿಗೆ ಅಂಜಿಕೆ ಹೋಯಿತು. ಗುಂಪು ಬಿಟ್ಟು ಒಂಟಿಯಾಗಿ ತಿರುಗಲು ಶುರು ಮಾಡಿತು, ಊಟ ಬೇಗ ಬೇಗ ಮಾಡಿತು. ಸಣ್ಣ ಮೀನಿಗೆ ಅಂಜಿಕೆ ಹೋದರೆ ದೊಡ್ಡ ಮೀನಿಗೆ ಹಬ್ಬ ಅಲ್ವಾ?

ನೀರುನಾಯಿ (ಆನೆಗೊಂದಿ)

ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ನೀರುನಾಯಿ ತಿನ್ನುವುದು ಮೀನು. ಇಂಗ್ಲೆಂಡಿನಲ್ಲಿ ನೀರುನಾಯಿಗಳ ಕೂದಲು ಪರೀಕ್ಷೆ ಮಾಡಿದಾಗ ಡೈಕ್ಲೋಫೆನಾಕ್, ಐಬುಪ್ರೊಫೆನ್ ಸಿಕ್ಕಿವೆ. ಇಲ್ಲಿ ಬಂಡೆ ಮೇಲೆ ಅವು ಹಾಕಿದ ಹಿಕ್ಕೆಯಲ್ಲಿ ಮೀನಿನ ಹುರುಪೆ, ಮುಳ್ಳು ಎದ್ದು ಕಾಣುತ್ತೆ. ಕೂದಲೂ ಸಿಗುತ್ತೆ. ಯಾವುದಾದರೂ ವಿಶ್ವವಿದ್ಯಾಲಯದವರು ಮನಸ್ಸು ಮಾಡಿದರೆ ದೊಡ್ಡ ಕೆಲಸವೇನಲ್ಲ.

ಸಾಲು ಸಾಲು ರೆಸಾರ್ಟುಗಳ ಸಂಡಾಸಿನ ಪಿಟ್ಟು ಎಲ್ಲಿ ಖಾಲಿಯಾಗುತ್ತೆ ಅಂತಲೂ ಯಾರಾದರೂ ನೋಡಿ.

ಕಂಪ್ಲಿ ಸೊಸೆ (ಕಂಪ್ಲಿ)

ಇಷ್ಟೆಲ್ಲ ಓದಿದ ಮೇಲೆ ಹೊಳೆ, ಸಂಡಾಸು ಎರಡೂ ಬಿಟ್ಟೆ. ಆದರೆ ಮೆಡಿಕಲ್ ತಮ್ಮಾ, ಸರ್ಕಾರವೇ ಕೆಲವು ಔಷಧಿ ಸಂಡಾಸಿಗೆ ಹಾಕಿ ಅಂತ ಹೇಳಿದೆ ಅಂತ ನಮ್ಮ ಯಜಮಾನರು ಪೇಪರ್ ತೋರಿಸುತ್ತಿದ್ದಾರೆ?

ಮೆಡಿಕಲ್ ತಮ್ಮ (ಗಂಗಾವತಿ)

ಭಾವನವರು ಹೇಳಿದ್ದು ಸುಳ್ಳಲ್ಲ. 2025ರಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 17 ಔಷಧಿಗಳ ಪಟ್ಟಿ ಕೊಟ್ಟಿದೆ. ಫೆಂಟನಿಲ್, ಮಾರ್ಫಿನ್, ಟ್ರಮಡಾಲ್, ಡಯಾಜೆಪಾಮ್ ಥರದವು. ಮಗು ಬಾಯಿಗೆ ಹಾಕಿಕೊಂಡರೆ ಒಂದೇ ಗುಳಿಗೆಗೆ ಜೀವ ಹೋಗಬಹುದು, ನಶೆಗೆ ಬಳಸುವವರ ಕೈಗೂ ಸಿಗಬಹುದು. ಆ ಅಪಾಯ ದೊಡ್ಡದು ಅಂತ ಅವನ್ನು ಮಾತ್ರ ನೀರಿಗೆ ಬಿಡಲು ಹೇಳಿದ್ದಾರೆ. ನಿಮ್ಮ ಅತ್ತೆಯವರ ಡಬ್ಬಿಯಲ್ಲಿ ಅಂಥದ್ದು ಒಂದೂ ಇಲ್ಲ.

ಕೇರಳದಲ್ಲಿ 2025ರಲ್ಲಿ ಕೋಝಿಕ್ಕೋಡಿನಿಂದ ಶುರು ಮಾಡಿ ಉಳಿದ ಔಷಧಿ ಸಂಗ್ರಹ ಮಾಡುತ್ತಿದ್ದಾರೆ. ಪೆಟ್ಟಿಗೆ ಇಟ್ಟು, ತುಂಬಿದ್ದನ್ನು ಒಯ್ದು ದೊಡ್ಡ ಕುಲುಮೆಯಲ್ಲಿ ಸುಡುತ್ತಾರೆ. ಮನೆಯ ಹಿತ್ತಲಲ್ಲಿ ಸುಡುವುದು ಬೇರೆ, ಅದು ಮಾಡಬೇಡಿ. ನಮ್ಮ ಅಂಗಡಿಗೆ ಕಟ್ಟಿ ತಂದುಕೊಡಿ ಅಕ್ಕಾ. ಡೇಟ್ ಮುಗಿದಿದ್ದು ನಮ್ಮ ಸ್ಟಾಕೂ ಇರುತ್ತಲ್ಲ, ಅದರ ಜೊತೆ ಕಳಿಸುತ್ತೇನೆ. ಕ್ಯಾನ್ಸರ್ ಗುಳಿಗೆ ಇದ್ದರೆ ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ, ಕೊಟ್ಟ ದವಾಖಾನೆಗೇ ವಾಪಸ್ ಕೊಡಿ. ಇನ್ಸುಲಿನ್ ಸೂಜಿ ಇದ್ದರೆ ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ. ಕಸದ ಗಾಡಿಯ ಅಕ್ಕಂದಿರ ಕೈಗೆ ಚುಚ್ಚಿದ್ದು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಮಾತು. ಆ ಅರ್ಧ ಉಳಿದ ಸಿಪ್ರೊ ಯಾಕೆ ಉಳಿಯಿತು? ನಮ್ಮ ಅಂಗಡಿಗೆ ಬಂದು "ಎರಡು ಗುಳಿಗೆ ಕೊಡು, ಭೇದಿ" ಅನ್ನುವವರೇ ಜಾಸ್ತಿ. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ್ ಚೀಟಿ ಬೇಕು ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಪಕ್ಕದವನು ಕೊಡುತ್ತಾನೆ. ಹೊಳೆ ತನಕ ಯಾಕೆ ಹೋಗಬೇಕು, ಮೊದಲು ಈ ಕೌಂಟರ್ ಸರಿಯಾಗಬೇಕು.

ದೇವಸೂಗೂರು (ರಾಯಚೂರು ತಾಲ್ಲೂಕು)

ಮಾತು ಬಹಳ ಆಯಿತು. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕೋಣ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ. ಕಳೆದ ಐದು ವರ್ಷದಲ್ಲಿ ಜಿಲ್ಲೆಯೊಳಗೆ ಕೃಷ್ಣೆ, ತುಂಗಭದ್ರೆ ನೀರನ್ನು ಯಾವುದಾದರೂ ಆಂಟಿಬಯಾಟಿಕ್ ಅಂಶಕ್ಕೆ ಪರೀಕ್ಷೆ ಮಾಡಿದ್ದೀರಾ, ಮಾಡಿದ್ದರೆ ವರದಿಯ ಪ್ರತಿ ಕೊಡಿ. ಹಾಗೇ, ಹಾಸಿಗೆ ಇರುವ ಎಲ್ಲ ದವಾಖಾನೆಗಳ ದ್ರವ ತ್ಯಾಜ್ಯ ಶುದ್ಧೀಕರಣದ ತಪಾಸಣಾ ವರದಿ ಕೊಡಿ. ಹಾಗೇ, ಎಸ್‌ಟಿಪಿ ಕೆಸರು ಯಾರಿಗೆ ಕೊಡುತ್ತಿದ್ದಾರೆ ಅಂತಲೂ.

ಪ್ಲಾಂಟ್ ಆಪರೇಟರ್ (ಊರು ಬೇಡ)

ಕೆಸರಿನದು ಮಂಡಳಿಗೆ ಬೇಡ, ನಗರಸಭೆಗೆ ಕೇಳಿ. ರಿಜಿಸ್ಟರ್ ಅಲ್ಲೇ ಇರುತ್ತೆ. ಗೇಟ್ ಪಾಸ್ ಪುಸ್ತಕದ ಪ್ರತಿ ಅಂತ ನಿರ್ದಿಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ "ಮಾಹಿತಿ ಲಭ್ಯವಿಲ್ಲ" ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

ನೀರಿನ ಮೇಷ್ಟ್ರು (ರಾಯಚೂರು)

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇದರಲ್ಲಿ ಮೂರು ವಿಷಯ ಇದೆ, ಹಾಗೇ ಹಾಕಿದರೆ ವಾಪಸ್ ಬರುತ್ತೆ. ಮೂರು ಮಾಡಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಒಂದೊಂದಕ್ಕೆ. ನದಿ ನೀರಿನದು ನಾನು ಹಾಕುತ್ತೇನೆ.

ಪಶು ಡಾಕ್ಟರಕ್ಕ (ಕೊಪ್ಪಳ)

ನಾನು ಸರ್ಕಾರಿ ನೌಕರಿಯಲ್ಲಿ ಇದ್ದೇನೆ, ನನ್ನ ಹೆಸರಲ್ಲಿ ಬೇಡ. ಕೊಪ್ಪಳದ್ದು ಬರೆದುಕೊಡುತ್ತೇನೆ, ಸಹಿ ಬೇರೆ ಯಾರಾದರೂ ಮಾಡಿ.

ಕುರಿ ಕಾಯುವವ (ಕುಷ್ಟಗಿ)

ನಾನು ಮಾಡುತ್ತೇನೆ ಅಕ್ಕಾ. ಮಂಗಳವಾರ ಕೊಪ್ಪಳಕ್ಕೆ ಬರುವುದಿದೆ.

ಸಿರುಗುಪ್ಪ ಭತ್ತ (ಸಿರುಗುಪ್ಪ)

ಬಳ್ಳಾರಿಯ ದವಾಖಾನೆ ಅರ್ಜಿ ನನ್ನದು. ನಮೂನೆ ಯಾರಾದರೂ ಇಲ್ಲಿ ಹಾಕಿ, ನನಗೆ ಸರ್ಕಾರಿ ಭಾಷೆ ಬರಲ್ಲ. ಗದ್ದೆಯ ಎಣ್ಣೆ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ, ಆಗ ಯಾರೂ ಓಡಿ ಹೋಗಬೇಡಿ.